ವಾಪಸ್ ಬರುವ ನೀರು

ನಮ್ಮ ರಾಯಚೂರು ಸೀಮೆಯಲ್ಲಿ ಹಿಮ ಬೀಳತೊಡಗಿ ಹನ್ನೊಂದು ವರ್ಷವಾಯಿತು. ದೀಪಾವಳಿಗೆ ಮುಂಚೆ ಊರಿನ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಪೈಪುಗಳನ್ನು ಸಜ್ಜು ಮಾಡುವುದು ನನ್ನ ಕೆಲಸ. ವಾಷರ್ ಬದಲಿಸಿ, ಒಳಗಿನ ಗಾಳಿ ತೆಗೆದು, ಚಾವಡಿ ಹಿಂದಿನ ದೊಡ್ಡ ಹಂಡೆಗೆ ಉರಿ ಹಾಕಿ ನೋಡಬೇಕು. ಹಂಡೆಯಿಂದ ಹೊರಟ ನೀರು ಮೊದಲು ಗೌಡರ ಮನೆ, ಆಮೇಲೆ ಉಳಿದ ಮನೆಗಳನ್ನು ಸುತ್ತಿ, ಕೊನೆಗೆ ನಮ್ಮ ಕೇರಿಯನ್ನು ಕಾಯಿಸಿ ಮತ್ತೆ ಹಂಡೆಗೇ ಬರುತ್ತದೆ.

ಹಾಗೆ ವಾಪಸ್ ಬರುವ ಸಂಗತಿಯನ್ನು ಅಮರೇಗೌಡರಿಗೆ ಈ ಸಲ ಯಾರು ಹೇಳಿದರೋ! ನೀರು ಬಿಟ್ಟ ದಿನವೇ, ನಮ್ಮ ಕೇರಿಯ ವಾಲ್ವ್ ಇನ್ನೂ ಅರ್ಧವಷ್ಟೇ ತೆರೆದಿದ್ದಾಗ, ಕರೆಸಿದರು. ಪಡಸಾಲೆಯಲ್ಲಿ ಪೈಪಿಗೆ ಬೆನ್ನು ಕೊಟ್ಟು ಕೂತಿದ್ದರು.

“ಹುಲಿಗ್ಯಾ, ನಿಮ್ಮ ಕೇರಿ ಪೈಪಿಗೆ ಮುಚ್ಚಳ ಹಾಕು. ನಿಮ್ಮ ಮನಿ ಸುತ್ತಿದ ನೀರು ತಿರುಗಿ ನಮ್ಮ ಮನಿಗೆ ಬರಬಾರದು.”

ನನ್ನ ಮೈ ಉರಿದುಹೋಯಿತು. ನನ್ನ ಮಗಳು ಒಂಬತ್ತು ದಿನದ ಬಾಣಂತಿ.

“ಪೈಪಿನೊಳಗಿನ ನೀರು ಯಾರು ಮುಟ್ಯಾರ್ರೀ ಗೌಡ್ರ? ನನ್ನ ಮಗಳ ಕೂಸು ಚಳಿಗೆ ಸತ್ರ ಏನು ಮಾಡ್ತೀರಿ?”

“ಹೇಳಿದಷ್ಟು ಮಾಡಲೇ.”

“ಮಾಡ್ತೀನ್ರಿ. ಆದ್ರ ಹನ್ನೊಂದು ವರ್ಷ ನಿಮ್ಮ ದೇವರ ಕೋಣಿ ಕಾಯಿಸಿದ್ದೂ ಅದಽ ನೀರು. ಮೈಲಿಗಿ ಅಂದ್ರ ಮೊದಲು ನಿಮ್ಮ ಮನಿ ಪೈಪ್ ಕೀಳಬೇಕು. ಅತ್ತ ಸರೀರಿ.”

ಪಾನಾ ಹಿಡಿದು ಅವರ ಬೆನ್ನ ಹಿಂದಿನ ನಟ್ಟು ಬಿಚ್ಚಲು ಕೈ ಹಾಕಿದೆ. ಹೊರಗೆ ಹಿಮ ಶುರುವಾಗಿತ್ತು.

“ಏಳ್ರಿ ಗೌಡ್ರ.”

ಗೌಡರು ಏಳಲಿಲ್ಲ. ಅವರ ಬೆನ್ನು ಪೈಪಿಗೆ ಇನ್ನಷ್ಟು ಒತ್ತಿಕೊಂಡಿತು. ನಾನು ಕೇರಿಯ ವಾಲ್ವ್ ಪೂರ್ತಿ ತೆರೆಯಲು ಹೊರಟೆ.