ಸಪ್ಪಳವಿಲ್ಲದ ಗಾಡಿ

ತಾವು ಆರಾಧಿಸುವ ಕಂಪನಿಯ ಮೊದಲ ಎಲೆಕ್ಟ್ರಿಕ್ ಕ್ರಾಸ್‌ಓವರ್ ಕಾರು ನೋಡಲು ಹುಬ್ಬಳ್ಳಿಯ ಕಾರುಪ್ರಿಯರ ಸಂಘದವರು ಶೋರೂಮಿಗೆ ಬಂದಿದ್ದರು. ಜೊತೆಗೆ ಮೆಕ್ಯಾನಿಕ್ ದಸ್ತಗೀರ್ ಚಾಚಾರನ್ನೂ ಕರೆತಂದಿದ್ದರು. ಎಂಜಿನ್ನಿನ ಸಪ್ಪಳ ಕೇಳಿಯೇ ರೋಗ ಹೇಳುವವರೆಂದು ಚಾಚಾರ ಹೆಸರು ಊರೆಲ್ಲ ಹಬ್ಬಿತ್ತು. ಸಂಘದವರಿಗೆ ಆ ಕಾರಿನ ಮೇಲೆ ಮೊದಲೇ ನಂಬಿಕೆ ಇರಲಿಲ್ಲ. ಚಾಚಾ ಒಂದು ಮಾತು ಬೈದರೆ ಸಾಕಿತ್ತು.

ಚಾಚಾ ಕಾರನ್ನು ಉಣಕಲ್ ಕೆರೆಯವರೆಗೆ ಓಡಿಸಿಕೊಂಡು ಬಂದು ಇಳಿದರು.

"ಗಾಡಿ ಭಾಳ ಛಲೋ ಐತ್ರಿ."

ಅಧ್ಯಕ್ಷ ವಿರೂಪಾಕ್ಷಪ್ಪನ ಹುಬ್ಬು ಗಂಟಿಕ್ಕಿತು. "ಸಪ್ಪಳನ ಇಲ್ಲ, ಛಲೋ ಹೆಂಗಾತು?"

ಚಾಚಾ ಅವನ ತುಟಿಗಳನ್ನೇ ನೋಡುತ್ತಾ ನಿಂತರು.

"ಕಂಪನಿಯವ್ರು ನಿಮ್ಮ ಕೈ ಬೆಚ್ಚಗ ಮಾಡ್ಯಾರೇನು?"

"ಇಲ್ರಿ."

"ಹಂಗಾದ್ರ ಖರೇ ಹೇಳ್ರಿ ಚಾಚಾ. ನಮ್ಮ ಗಾಡಿ ಸಪ್ಪಳ ಕೇಳಿದ ಕಿವಿಗೆ ಇದು ಹೆಂಗ ಸೇರ್ತು?"

ಎಲ್ಲರೂ ಸುತ್ತ ನೆರೆದರು. ಚಾಚಾ ತಮ್ಮ ಒರಟು ಅಂಗೈಯನ್ನು ಮುಂದೆ ಚಾಚಿದರು.

"ನನಗ ಕಿವಿ ಕೇಳದಂಗಾಗಿ ನಾಕು ವರ್ಷ ಆತ್ರಿ. ನಿಮ್ಮ ಗಾಡಿ ರೋಗನೆಲ್ಲ ಇದರ್ಲೇ ಮುಟ್ಟಿ ಹೇಳಾಕತ್ತೀನಿ."