ಚಳಿ ಎಂದ ಅಪ್ಪ

ಕಥೆಯೋ ಕಥೆ, ಹಳಬರ ಕಥೆ. ಇದರಲ್ಲಿ ಸುಳ್ಳಿದ್ದರೆ ಅದು ನನ್ನದಲ್ಲ, ನನಗಿಂತ ಮೊದಲು ಹೇಳಿದವರದು. ಮಡಗಾಸ್ಕರಿನ ಕೆಂಪು ದಿಬ್ಬಗಳ ನಡುವೆ, ನಮ್ಮೂರಿನಲ್ಲಿ, ಮಾರ್ತೆ ಎಂಬ ಪರದೇಶದ ಹುಡುಗಿಯೊಬ್ಬಳಿದ್ದಳು. ನಾರ್ವೆಯವಳು. ನಮ್ಮ ಹೆಂಗಸರು ನೇಯ್ದ ಕಾಡುರೇಷ್ಮೆಯ ಶಾಲುಗಳನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ತಪ್ಪಿದ್ದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ತನ್ನ ದೇಶದ ಅಂಗಡಿಗಳಿಗೆ ಕಳಿಸುವುದು ಅವಳ ಕೆಲಸ.

ಒಂದು ಬೆಳಗ್ಗೆ ಬಕೂಲಿಯಜ್ಜಿಯ ಅಂಗಳದಲ್ಲಿ ಎಲ್ಲರೂ ನೂಲು ತೆಗೆಯುತ್ತ ಕೂತಿದ್ದಾಗ ಮಾರ್ತೆ ತನಗೆ ಬಿದ್ದ ಕನಸನ್ನು ನಗುನಗುತ್ತಲೇ ಹೇಳಿದಳು. ಹೋದ ವರ್ಷ ತೀರಿಕೊಂಡ ಅಪ್ಪ ಬಂದಿದ್ದನಂತೆ. ಬರೀ ಅಂಗಿಯಲ್ಲಿ ಬಾಗಿಲ ಹತ್ತಿರ ನಿಂತು ಚಳಿ, ಚಳಿ ಅಂದನಂತೆ. ತಮ್ಮ ದೇಶದಲ್ಲಿ ಬದುಕಿರುವವರೂ ಅದನ್ನೇ ಅನ್ನುತ್ತಾರೆ ಎಂದು ತಾನೇ ಸೇರಿಸಿ ನಕ್ಕಳು.

ಬೇರೆ ಯಾರೂ ನಗಲಿಲ್ಲ. ತಕಲಿಗಳು ನಿಂತವು. ಸತ್ತವರು ಕನಸಿಗೆ ಬಂದು ಚಳಿ ಅಂದರೆ ನಮ್ಮಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಅವರಿಗೆ ಸುತ್ತಿದ ರೇಷ್ಮೆ ಜೀರ್ಣವಾಗಿದೆ; ಗೋರಿ ತೆಗೆದು ಹೊಸದು ಹೊದಿಸಬೇಕು.

"ಎಂಥಾ ಬಟ್ಟೆ ಹೊದಿಸಿದ್ರೇ ನಿಮ್ಮಪ್ಪನಿಗೆ?" ಬಕೂಲಿಯಜ್ಜಿ ಕೇಳಿದಳು.

ಮಾರ್ತೆಗೆ ಗೊತ್ತಿರಲಿಲ್ಲ. ಸುದ್ದಿ ಬಂದ ವಾರ ಇಲ್ಲಿ ಚಂಡಮಾರುತ. ದಾರಿ ತೆರೆಯುವಷ್ಟರಲ್ಲಿ ಅಲ್ಲಿ ಮಣ್ಣಾಗಿಹೋಗಿತ್ತು. ಅವಳು ಮನೆ ಬಿಟ್ಟು ಬರುವಾಗ ಅಪ್ಪ ಕೇಳಿದ್ದು ಇಷ್ಟೇ: ಯಾವಾಗಲಾದರೂ ನೀನೇ ನೇಯ್ದದ್ದು ಒಂದು ತಂದುಕೊಡು. ಆಗಲಿ ಎಂದಿದ್ದಳು. ಬಂದಂದಿನಿಂದ ಊರವರ ನೇಯ್ಗೆಯಲ್ಲಿ ತಪ್ಪು ಹುಡುಕಿದ್ದೇ ಆಯಿತು, ತಾನು ಮಗ್ಗಕ್ಕೆ ಕೂತಿರಲಿಲ್ಲ. ಅಪ್ಪ ಬಂದದ್ದು ಒಂದು ರಾತ್ರಿಯಲ್ಲವೆಂದೂ, ಬಂದು ಹೋದ ಮೇಲೆ ಬೆಳಗಿನ ತನಕ ನಿದ್ದೆ ಹತ್ತುವುದಿಲ್ಲವೆಂದೂ ಆಗ ಬಾಯಿಬಿಟ್ಟಳು. ಈ ಸಲ ನಗಲಿಲ್ಲ.

ಅಜ್ಜಿ ಒಳಗೆ ಹೋಗಿ ನೂಲಿನ ಬುಟ್ಟಿಯೊಂದನ್ನು ಎತ್ತಿಕೊಂಡು ಬಂದಳು. ಅದನ್ನು ನೋಡಿ ಅವಳ ನಾದಿನಿ ರಜಾಫಿ ಕೂತಲ್ಲಿಂದ ಎದ್ದಳು.

"ಅತ್ತಿಗೆ, ಅದು ನಮ್ಮಣ್ಣನಿಗೆ ಅಂತ ಎತ್ತಿಟ್ಟಿದ್ದು. ಈ ಚಳಿಗಾಲದಲ್ಲಿ ಗೋರಿ ತೆಗೀತೀವಿ ಅಂತ ನೆಂಟರಿಗೆಲ್ಲ ಹೇಳಾಗಿದೆ."

"ಗೋರಿಯೊಳಗೆ ನಿಮ್ಮಣ್ಣನ ಒಂದು ಪಕ್ಕಕ್ಕೆ ಅವ್ವ ಇದಾಳೆ, ಇನ್ನೊಂದು ಪಕ್ಕಕ್ಕೆ ಚಿಕ್ಕಪ್ಪ ಇದಾನೆ. ಒತ್ತಿಕೊಂಡು ಮಲಗಿದ್ರೆ ಇನ್ನೊಂದು ವರ್ಷ ಕಳೀತಾನೆ. ಆ ಮನುಷ್ಯ ಅಲ್ಲಿ ಒಬ್ಬನೇ."

"ಹಂಗೇ ಊರಿನ ರೇಷ್ಮೆನೆಲ್ಲ ಕಡಲಾಚೆಯೋರಿಗೆ ಹೊದಿಸ್ತಾ ಹೋಗು. ನಾಳೆ ನಿನಗೆ ಗೋಣಿತಟ್ಟು ಸುತ್ತುತೀವಿ."

ಅಜ್ಜಿ ಬುಟ್ಟಿಯನ್ನು ಮಗ್ಗದ ಪಕ್ಕದಲ್ಲಿಟ್ಟಳು. ಸಂಜೆ ಒಂದು ಬಾಟಲಿ ಕಬ್ಬಿನ ಸಾರಾಯಿ ಹಿಡಿದು ಗಂಡನ ಗೋರಿಗೆ ಹೋದಳು. ಕಲ್ಲಿನ ಮೂಲೆಗೆ ಒಂದಿಷ್ಟು ಸುರಿದು, ನಡೆದದ್ದನ್ನೆಲ್ಲ ತಿಳಿಸಿ, ಬೇಡ ಅನ್ನುವುದಾದರೆ ಕನಸಿಗೆ ಬಾ ಎಂದು ಹೇಳಿ ಬಂದಳು. ಹುಣ್ಣಿಮೆಯ ತನಕ ಕಾದಳು. ಅವನು ಬರಲಿಲ್ಲ. ಬದುಕಿದ್ದಾಗಲೂ ಹೀಗೇ, ಒಪ್ಪಿಗೆ ಇದ್ದರೆ ಬಾಯಿ ಬಿಡುತ್ತಿರಲಿಲ್ಲ ಎಂದು ಮಗ್ಗಕ್ಕೆ ಹಾಸು ಕಟ್ಟಿ, ಮಾರ್ತೆಯನ್ನು ಕೂರಿಸಿದಳು.

ಮಾರ್ತೆಯ ಅಂಚು ಹಾವು ಹರಿದ ಹಾಗೆ ಬರುತ್ತಿತ್ತು. ಎಳೆ ತಪ್ಪಿದಾಗಲೆಲ್ಲ ಬಿಚ್ಚಲು ಕೈ ಹಾಕುತ್ತಿದ್ದಳು. ಅಜ್ಜಿ ಆ ಕೈಯನ್ನು ಮೆಲ್ಲಗೆ ತಟ್ಟುತ್ತಿದ್ದಳು.

"ಇದನ್ನ ಅಂಗಡಿಗೆ ಕಳಿಸ್ತೀಯೇನೇ? ಬಿಡು, ಹಂಗೇ ಇರ್ಲಿ. ಚೆನ್ನಾಗಿ ನೇಯ್ದುಬಿಟ್ರೆ ಮಗಳ ಕೈ ಅಂತ ಅವನಿಗೆ ಗೊತ್ತಾಗೋದು ಹೆಂಗೆ?"

"ನಮ್ಮಲ್ಲಿ ಗೋರಿ ತೆಗೆಯೋ ಹಾಗಿಲ್ಲ ಅಜ್ಜಿ."

"ಮೇಲೆ ಹೊದಿಸು. ಮಲಗಿದೋರನ್ನ ಎಬ್ಬಿಸಿ ಹೊದಿಸ್ತಾರಾ ಯಾರಾದ್ರೂ?"

ಆ ಚಳಿಗಾಲ ಊರಿನ ಬೇರೆ ಮನೆಗಳ ಗೋರಿಗಳು ತೆರೆದವು, ಕೊಳಲು ಊದುತ್ತ ಡೋಲು ಬಾರಿಸುತ್ತ ಜನ ತಮ್ಮ ಹಿರಿಯರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬಕೂಲಿಯಜ್ಜಿಯ ಮನೆಯವರು ಮಾತ್ರ ಸುಮ್ಮನೆ ಕೂತು ನೋಡಿದರು. ಕೊನೆಯ ಎಳೆ ಬಿದ್ದಾಗ ಮಳೆ ಹಿಡಿಯುವುದರಲ್ಲಿತ್ತು. ಹುಳ ಕಟ್ಟಿದ ಗೂಡಿನದೇ ಬಣ್ಣದ, ಒಂದು ಕಡೆ ಅಗಲ ಒಂದು ಕಡೆ ಕಿರಿದಾದ ಆ ಬಟ್ಟೆಯನ್ನು ಮಾರ್ತೆ ಪೆಟ್ಟಿಗೆಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡೇ ವಿಮಾನದಲ್ಲಿ ಹೋದಳು.

ಭತ್ತದ ಗದ್ದೆಗಳು ಹಸಿರಾದ ಮೇಲೆ ತಿರುಗಿ ಬಂದಳು. ಅದೇ ಅಂಗಳ. ತಳ ಹಿಡಿದ ಅನ್ನಕ್ಕೆ ಕುದಿನೀರು ಹಾಕಿ ಮಾಡಿದ ಕಂದು ನೀರನ್ನು ಅಜ್ಜಿ ಲೋಟಕ್ಕೆ ಬಗ್ಗಿಸಿದಳು. ನಿದ್ದೆ ಬರುತ್ತದೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಮಾರ್ತೆ ಫೋನು ತೆಗೆದು ಚಿತ್ರ ತೋರಿಸಿದಳು. ಕಣ್ಣು ಹಾಯುವವರೆಗೂ ಬಿಳುಪು. ಅದರ ನಡುವೆ ನಾಲ್ಕು ಮೂಲೆಗೂ ಕಲ್ಲು ಹೇರಿ ಹಾಸಿದ ಕಂದು ರೇಷ್ಮೆ.

"ಕಾಲು ಮುಚ್ಚಿದೆ ತಾನೇ?" ಅಜ್ಜಿ ಕೇಳಿದಳು. ಮುಚ್ಚಿದೆ ಎಂದಳು ಮಾರ್ತೆ. ಅಜ್ಜಿ ಮತ್ತೆ ನೂಲಿಗೆ ಕೈ ಹಾಕಿದಳು.

ಫೋನು ರಜಾಫಿಯ ಕೈಗೆ ಹೋಯಿತು. ಅವಳು ಅದನ್ನು ಬಿಸಿಲಿಗೆ ಮರೆ ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಸುತ್ತಲಿನ ಬಿಳಿಯದೇನು ಎಂದು ಕೇಳಿದಳು. ಹಿಮ, ಮೇಲಿಂದ ಬೀಳುತ್ತದೆ ಎಂದು ಮಾರ್ತೆ ಹೇಳಿದಳು. ಆ ಹಿಮದಲ್ಲಿ ಅರ್ಧ ಹೂತು ಸಾಲುಸಾಲಾಗಿ ನಿಂತಿದ್ದ ಬೇರೆಯವರ ಗೋರಿಕಲ್ಲುಗಳ ಮೇಲೆ ರಜಾಫಿಯ ಬೆರಳು ಒಂದೊಂದಾಗಿ ಸರಿಯಿತು.

"ಇವರಿಗೆಲ್ಲ ಹೆಣ್ಣುಮಕ್ಕಳಿಲ್ವೇನೇ?"