ನೆರೆ ಮತ್ತು ನೆರೆಯವರು

ನದಿ ಊರೊಳಗೆ ಬಂದು ನಿಂತು ವರ್ಷಗಳೇ ಆಗಿದ್ದವು. ಮೊದಲ ಮಹಡಿಯ ಫ್ಲ್ಯಾಟ್ ಮುಳುಗಿದ ಮೇಲೆ ಸೆವರಿನ್ ಬಾಯಿ ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲೇ ಒಲೆ ಹೂಡಿದ್ದರು. ನೆರೆ ವಿಮೆ ಮಾಡಿಸದಿದ್ದರೆ ಗೃಹಸಾಲವೇ ಇಲ್ಲ ಎಂದಿತ್ತು ಬ್ಯಾಂಕು. ಹಾಗಾಗಿ ಮುಳುಗಿದ ಮನೆಗೆ ಸಾಲದ ಕಂತು, ವಿಮೆಯ ಕಂತು ಎರಡನ್ನೂ ಕಟ್ಟುತ್ತಿದ್ದರು.

ಅಂತೂ ವಿಮಾ ಕಂಪನಿಯ ಸರ್ವೇಯರ್ ಶೇರಿಗಾರ್ ಬಂದರು. ಮೆಟ್ಟಿಲ ಕಂಬಿಗೆ ದೋಣಿ ಕಟ್ಟಿ, ಚಹಾ ಕುಡಿದು, ನೀರನ್ನೊಮ್ಮೆ ಬಗ್ಗಿ ನೋಡಿದರು.

"ಪರಿಹಾರ ಸಿಗುದಿಲ್ಲ ಬಾಯಿ. ಇದು ನೆರೆ ಅಲ್ಲ."

"ಮತ್ತೆಂತ? ನನ್ನ ಅಡುಗೆಕೋಣೆಯಲ್ಲಿ ಕಾಣೆ ಮೀನು ಓಡಾಡ್ತಾ ಉಂಟು ಮಾರಾಯ್ರೆ!"

"ಬಂದು ಇಳಿದು ಹೋದ್ರೆ ನೆರೆ. ಇದು ಬಂದು ಇಲ್ಲೇ ಕೂತಿದೆಯಲ್ಲ? ಹಾಗೆ ಕೂತದ್ದು ನಮ್ಮ ನಿಯಮದಲ್ಲಿ ನೆರೆಯವರು. ನೆರೆಯವರ ಕಿರಿಕಿರಿಗೆ ವಿಮೆ ಇಲ್ಲ."

"ಹಾಗಾದ್ರೆ ಇನ್ನು ಕಂತು ಕಟ್ಟುದು ಬೇಡ."

"ಅದು ಹೇಗಾಗ್ತದೆ? ನಾಳೆ ನಿಜವಾದ ನೆರೆ ಬಂದ್ರೆ?"

ಸೆವರಿನ್ ಬಾಯಿ ಲೋಟ ತೊಳೆಯಲು ನೀರಿನಂಚಿಗೆ ಇಳಿದರು. ಕೈ ಹೇಗೂ ಒದ್ದೆಯಾಗಿತ್ತು, ಕಂಬಿಗೆ ಕಟ್ಟಿದ್ದ ಹಗ್ಗವನ್ನೂ ಬಿಚ್ಚಿದರು.

ಬ್ಯಾಗು ಹೆಗಲಿಗೇರಿಸಿ ತಿರುಗಿದ ಶೇರಿಗಾರರು ಬೊಬ್ಬೆ ಹೊಡೆದರು. "ಅಯ್ಯೋ, ನನ್ನ ದೋಣಿ! ನೀರು ಎಳ್ಕೊಂಡು ಹೋಗ್ತಾ ಉಂಟು!"

"ನೀರು ಅಲ್ಲ ಮಾರಾಯ್ರೆ, ನೆರೆಯವರು," ಎಂದರು ಸೆವರಿನ್ ಬಾಯಿ, ಲೋಟ ಕವುಚಿಡುತ್ತ. "ಎಂತದೋ ಅರ್ಜೆಂಟಿಗೆ ಬೇಕಾಗಿರ್ಬೇಕು. ಕರೆದು ಕೇಳಿ, ವಾಪಸ್ ಕೊಟ್ರೂ ಕೊಟ್ಟಾರು."